ಹಡ್ಲಿಗೆ ಇಳಿದ ತಂತಿ

ಬೆಳಗಿನ ಜಾವ ಬಾಗಿಲು ತೆರೆದಾಗ ಜವರಯ್ಯ ಮೆಟ್ಟಿಲ ಮೇಲೆ ಕೂತಿದ್ದ. ಎದ್ದು ನಿಲ್ಲುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ವೀರನಹೊಸಹಳ್ಳಿಯ ಆಚೆಗಿನ ಕಾಡಿನಿಂದ ಹುಣಸೂರಿನವರೆಗೆ ಇಪ್ಪತ್ತು ಮೈಲಿ ಸೈಕಲ್ ತುಳಿದು ಬಂದಿದ್ದ ಆ ಫಾರೆಸ್ಟ್ ಗಾರ್ಡು, ಖಾಕಿ ಅಂಗಿಯ ಜೇಬಿನಿಂದ ಬೆವರಿಗೆ ಒದ್ದೆಯಾದ ಚೀಟಿಯೊಂದನ್ನು ತೆಗೆದು ನೀಲಾಂಬಿಕೆಯ ಕೈಗೆ ಕೊಟ್ಟ.

‘ಸೀಗೆಗುಡ್ಡದ ಸುರಂಗ ಕುಸಿದಿದೆ. ಮೂವರು ಒಳಗೆ ಸಿಕ್ಕಿದ್ದಾರೆ. ಎರಡು ದಿನವಾಯಿತು. ಎಲ್ಲಿ ಅಗೆಯಬೇಕೆಂದು ತಿಳಿಯುತ್ತಿಲ್ಲ. ಕೇಳುವ ಪೆಟ್ಟಿಗೆ ತನ್ನಿ. — ರುದ್ರಸ್ವಾಮಿ, ಓವರ್‌ಸಿಯರ್.’

ಅದು ೧೯೫೬ರ ಏಪ್ರಿಲ್ ತಿಂಗಳು. ಕಾಡಿನೊಳಗೆ ಒಂದು ಸಣ್ಣ ಅಣೆಕಟ್ಟು ಕಟ್ಟುವ ಯೋಚನೆಯಿತ್ತು. ಗುಡ್ಡದ ಹೊಟ್ಟೆಯಲ್ಲಿ ಬಂಡೆ ಹೇಗಿದೆಯೆಂದು ನೋಡಲು ಇಳಿಜಾರಿನ ಸುರಂಗವೊಂದನ್ನು ಕೊರೆಯುತ್ತಿದ್ದರು. ಬಂಡೆ ಅಳೆಯುವ ಸರ್ವೆ ತಂಡದಲ್ಲಿ ನೀಲಾಂಬಿಕೆ ಉಪಕರಣ ಸಹಾಯಕಿ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ಇಪ್ಪತ್ತನಾಲ್ಕು ವರ್ಷದ ಹುಡುಗಿ. ತಂಡದ ದೊಡ್ಡ ಸಾಹೇಬರು ಕಲ್ಕತ್ತೆಗೆ ಹೋಗಿ ಹತ್ತು ದಿನವಾಗಿತ್ತು. ಪೆಟ್ಟಿಗೆಯ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು.

ಅದು ನೆಲದ ಅದುರಾಟವನ್ನು ಕೇಳುವ ಪೆಟ್ಟಿಗೆ. ಅಂಗೈಯಗಲದ ಡಬ್ಬಿಯೊಂದನ್ನು ಬಂಡೆಯ ಮೇಲೆ ಕೂರಿಸಿ, ಕೇಬಲ್ಲಿನಿಂದ ಪೆಟ್ಟಿಗೆಗೆ ಸೇರಿಸಿ, ಕಿವಿಗೆ ಫೋನು ಹಾಕಿಕೊಂಡರೆ ನೂರಡಿ ಆಚೆ ಹೆಜ್ಜೆಯಿಟ್ಟ ನರಿಯೂ ಕೇಳಿಸುತ್ತಿತ್ತು. ನೆಲಕ್ಕೆ ಬಡಿದ ಸದ್ದು ಹೇಗೆ ಹಾದುಬರುತ್ತದೆಂದು ಅಳೆದು, ಒಳಗಿನ ಬಂಡೆ ಗಟ್ಟಿಯೋ ಪುಡಿಯೋ ಎಂದು ತಿಳಿಯಲು ಅದನ್ನು ಬಳಸುತ್ತಿದ್ದರು. ಒಳಗಿನವರು ಕಲ್ಲಿನಿಂದ ಕಲ್ಲಿಗೆ ಬಡಿದರೆ ಖಂಡಿತ ಕೇಳಿಸೀತು.

ಚೀಟಿ ಓದಿದ ನೀಲಾಂಬಿಕೆ ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜನವರಿಯಲ್ಲಿ ಆ ಗುಡ್ಡವನ್ನು ಅಳೆದವಳು ಅವಳೇ. ಅವತ್ತು ಕ್ಯಾಂಪಿನ ಜನರೇಟರಿನಿಂದ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಕೇಬಲ್ಲಿನ ಮೇಲಿನ ತಾಮ್ರದ ಜಾಲರಿಯನ್ನು ಸರಿಯಾಗಿ ನೆಲಕ್ಕೆ ಕಟ್ಟಿದ್ದರೆ, ಅಂದರೆ ಅರ್ತ್ ಮಾಡಿದ್ದರೆ, ಆ ಸದ್ದು ನೆಲಕ್ಕಿಳಿದು ಹೋಗುತ್ತಿತ್ತು. ಸಾಹೇಬರಿಗೆ ಅವಸರವಿತ್ತು. ಆ ಗುಂಯ್ ಬೆರೆತ ಲೆಕ್ಕವನ್ನೇ ನೋಡಿ ‘ಗಟ್ಟಿ ಬಂಡೆ’ ಎಂದು ಬರೆದುಕೊಂಡರು. ಅದು ನಂಬುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ.

ಈ ಸಲ ಅರ್ತ್ ಗೊತ್ತಿರುವವರು ಜೊತೆಗೆ ಬೇಕು ಎಂದು ಅವಳು ನೇರವಾಗಿ ಸಿದ್ದಮಲ್ಲಪ್ಪನ ಮನೆಗೆ ಓಡಿದಳು. ಇಪ್ಪತ್ತೆಂಟು ವರ್ಷ ಟೆಲಿಗ್ರಾಫ್ ಲೈನ್‌ಮನ್ ಆಗಿದ್ದು ನಿವೃತ್ತನಾದ ಆತ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ. ಅವಳು ಹೇಳಿದ್ದನ್ನು ಕೇಳಿ ಟವಲಿನಲ್ಲಿ ಕೈ ಒರೆಸಿಕೊಂಡ.

“ಬತ್ತೀನಿ ನಡೀರಿ ಅಮ್ಮಣ್ಣಿ. ಇಕ್ಕಳ ಎಲ್ಲಿ ಮಡಗಿದೀನೋ ನೋಡ್ಕಬೇಕು, ಅಷ್ಟೇಯ.”

ಬಾಡಿಗೆ ಲಾರಿಯೊಂದು ಏಳೂವರೆಗೆ ವೀರನಹೊಸಹಳ್ಳಿ ದಾಟಿ ಕಾಡಿನ ಗಾಡಿದಾರಿ ಹಿಡಿಯಿತು. ಬೇಸಿಗೆಯ ಕಾಡು ಎಲೆಯುದುರಿಸಿ ಬೋಳಾಗಿತ್ತು. ತೇಗದ ಮರಗಳು ಅಸ್ಥಿಪಂಜರಗಳಂತೆ ಸಾಲಾಗಿ ನಿಂತಿದ್ದವು. ನಡುನಡುವೆ ಮುತ್ತುಗ ಮಾತ್ರ ಕೆಂಪಗೆ ಹೂ ಬಿಟ್ಟಿತ್ತು. ಒಣಗಿದ ಬಿದಿರುಮೆಳೆಗಳು ಗಾಳಿಗೆ ಕಿರ್ರೆನ್ನುತ್ತಿದ್ದವು. ಹಳ್ಳಗಳಲ್ಲಿ ನೀರಿರಲಿಲ್ಲ. ಮರಳಿನ ಮೇಲೆ ಜಿಂಕೆ, ಕಾಟಿಗಳು ನೀರಿಗಾಗಿ ಕೆದಕಿದ ಗುಂಡಿಗಳು ಮಾತ್ರ ಉಳಿದಿದ್ದವು. ಬರಬರುತ್ತ ಆಕಾಶದ ನೀಲಿ ಮಾಸಿ ಕಂದುಬಣ್ಣಕ್ಕೆ ತಿರುಗಿತು.

ಮೂರನೆಯ ಮೈಲಿಯಲ್ಲಿ ಡ್ರೈವರ್ ಬ್ರೇಕ್ ಹಾಕಿದ. ಮುಂದಿನ ಮರದ ಸೇತುವೆ ಉರಿಯುತ್ತಿತ್ತು.

“ರಾತ್ರಿ ನಾನು ಬರುವಾಗ ಬೆಂಕಿ ಆ ದಿಣ್ಣೆ ಆಚೆ ಇತ್ತು” ಅಂದ ಜವರಯ್ಯ. “ಗಾಳಿ ತಿರಿಕ್ಕಂಡದೆ.”

“ಬೇರೆ ದಾರಿ?” ನೀಲಾಂಬಿಕೆ ಕೇಳಿದಳು.

“ಹಳ್ಳಕ್ಕೆ ಇಳಿದು ಮರಳು ಹಿಡ್ಕಂಡು ಹೋಗಬೈದು. ಏಳು ಮೈಲಿ. ನಡಿಬೇಕು.”

ಪೆಟ್ಟಿಗೆಯನ್ನು ಒದ್ದೆ ಕಂಬಳಿಯಲ್ಲಿ ಸುತ್ತಿ ನೀಲಾಂಬಿಕೆ ಬೆನ್ನಿಗೆ ಕಟ್ಟಿಕೊಂಡಳು. ಒಳಗಿನ ಗಾಜಿನ ವಾಲ್ವುಗಳಲ್ಲಿ ಒಂದು ಒಡೆದರೂ ಹೋದ ಕೆಲಸ ಕೆಟ್ಟಂತೆ. ಅದನ್ನು ಬೇರೆಯವರ ಬೆನ್ನಿಗೆ ಕೊಡಲು ಅವಳು ಒಪ್ಪಲಿಲ್ಲ. ಮುನ್ನೂರು ಅಡಿ ಕೇಬಲ್ಲಿನ ಉರುಳೆಯನ್ನು ಸಿದ್ದಮಲ್ಲಪ್ಪ ಹೆಗಲಿಗೇರಿಸಿದ. ಬ್ಯಾಟರಿಗಳನ್ನೂ ಅರ್ತಿಗೆ ಬೇಕಾದ ಆರು ಕಬ್ಬಿಣದ ಸಲಾಕೆಗಳನ್ನೂ ಜವರಯ್ಯ ಹೊತ್ತ.

ಹಳ್ಳದ ಎರಡು ದಡದಲ್ಲೂ ಬೆಂಕಿ ನಿಧಾನವಾಗಿ ಹುಲ್ಲು ಮೇಯುತ್ತಾ ಬರುತ್ತಿತ್ತು. ಮೊದಲ ಒಂದು ಮೈಲಿ ಹೊಗೆ ಮಾತ್ರ. ಆಮೇಲೆ ಬಿಸಿ. ಬಿದಿರಿನ ಗಿಣ್ಣುಗಳು ಕೋವಿ ಹಾರಿಸಿದಂತೆ ಢಂ ಢಂ ಎಂದು ಸಿಡಿಯತೊಡಗಿದವು. ಕಾಡುಹಂದಿಯ ಹಿಂಡೊಂದು ಅವರನ್ನು ನೋಡಿಯೂ ನೋಡದಂತೆ ಪಕ್ಕದಲ್ಲೇ ಓಡಿಹೋಯಿತು.

“ತಲೆ ಬಗ್ಗಿಸಿ. ಮರಳಿಗೆ ಹತ್ರ ಉಸಿರು ತಗಳಿ” ಎಂದು ಜವರಯ್ಯ ಕೂಗಿದ.

ಹಳ್ಳ ತಿರುಗುವಲ್ಲಿ ದಡಗಳು ಕಿರಿದಾದವು. ಮೇಲೆ ಒಣ ಮತ್ತಿಮರವೊಂದು ಬುಡದಿಂದ ತುದಿವರೆಗೆ ಉರಿಯುತ್ತಿತ್ತು. ನೀಲಾಂಬಿಕೆ ದಾಟಿದಳು. ಸಿದ್ದಮಲ್ಲಪ್ಪ ಹಿಂದಿದ್ದ. ಮರ ಲಟ್ಟೆಂದಿತು.

ಜವರಯ್ಯ ಹೊರೆ ಬಿಸಾಡಿ ಹಾರಿದ. ಮುದುಕನ ಸೊಂಟಕ್ಕೆ ಕೈ ಹಾಕಿ ಎಳೆದು ಮರಳಿಗೆ ಕೆಡವಿದ. ಉರಿಯುವ ಮರ ಹಳ್ಳಕ್ಕೆ ಅಡ್ಡಲಾಗಿ ಬಿತ್ತು. ಕಿಡಿಗಳು ಮಳೆಯಂತೆ ಸುರಿದವು.

ಕೇಬಲ್ಲಿನ ಉರುಳೆಯ ಒಂದು ಅಂಚಿಗೆ ಕಿಡಿ ಹತ್ತಿತ್ತು. ಸಿದ್ದಮಲ್ಲಪ್ಪ ಬಿದ್ದಲ್ಲಿಂದಲೇ ಎರಡೂ ಅಂಗೈಯಿಂದ ಅದನ್ನು ಒತ್ತಿ ಆರಿಸಿದ. ರಬ್ಬರು ಸುಟ್ಟ ವಾಸನೆಯ ಜೊತೆ ಚರ್ಮ ಸುಟ್ಟ ವಾಸನೆಯೂ ಬಂತು.

“ಕೈ ತೋರಿಸಿ” ಎಂದಳು ನೀಲಾಂಬಿಕೆ.

“ಆಮ್ಯಾಕೆ. ಮೊದ್ಲು ತಂತಿ ನೋಡಿ.”

ತಂತಿ ಉಳಿದಿತ್ತು. ಬ್ಯಾಟರಿಗಳೂ ಈಚೆ ಬದಿಗೆ ಬಿದ್ದಿದ್ದವು. ಸಲಾಕೆಗಳು ಮಾತ್ರ ಉರಿಯುವ ಮರದ ಅಡಿಗೆ ಸೇರಿದ್ದವು. ಜವರಯ್ಯ ಒಂದು ಕೋಲಿನಿಂದ ಎಳೆಯಲು ನೋಡಿದ. ಕೋಲೇ ಹತ್ತಿಕೊಂಡಿತು. ಕಾಯಲು ಹೊತ್ತಿರಲಿಲ್ಲ.

ಇನ್ನೂ ಐದು ಮೈಲಿ ಉಳಿದಿತ್ತು. ಸೀರೆಯ ಸೆರಗನ್ನು ಹರಿದು ಸಿದ್ದಮಲ್ಲಪ್ಪನ ಕೈಗಳಿಗೆ ಸುತ್ತಿದ್ದಾಯಿತು. ನೀರಿನ ಸೀಸೆ ಅರ್ಧದಾರಿಯಲ್ಲೇ ಬರಿದಾಯಿತು. ಮಧ್ಯಾಹ್ನ ಒಂದೂವರೆಗೆ ಮರಗಳ ಸಂದಿನಿಂದ ಸೀಗೆಗುಡ್ಡ ಕಾಣಿಸಿತು. ಮೈಯೆಲ್ಲ ಬರೀ ಬಂಡೆ. ಅದರ ಕಾಲಬಳಿ ಐದು ಡೇರೆಗಳು, ಜನರೇಟರಿನ ಗುಡುಗುಡು, ಮತ್ತು ಸುರಂಗದ ಕಪ್ಪು ಬಾಯಿ.

ಓವರ್‌ಸಿಯರ್ ರುದ್ರಸ್ವಾಮಿಯ ಕಣ್ಣು ಕೆಂಡವಾಗಿತ್ತು. ಎರಡು ದಿನದಿಂದ ಆತ ಮಲಗಿರಲಿಲ್ಲ. ಅವರಿಗೆ ನೀರು ಕೊಡಿಸಿ, ಅವರು ಕುಡಿಯುವಷ್ಟರಲ್ಲೇ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ. ಸುರಂಗ ಐವತ್ತಡಿ ಇಳಿದು ಎರಡು ಕವಲಾಗುತ್ತದೆ. ಕವಲಿಗಿಂತ ಸ್ವಲ್ಪ ಮೇಲೆ ಕುಸಿದಿದೆ. ಒಳಗಿರುವವರು ಮೇಸ್ತ್ರಿ ಚನ್ನಬಸವಣ್ಣ, ಮಾಯಿಗಯ್ಯ, ಸಣ್ಣಪ್ಪ. ಬಲಗವಲಿನಲ್ಲಿರಬಹುದೆಂದು ಅದರ ನೆತ್ತಿಯ ಮೇಲಿನಿಂದ ಬಾವಿಯಂತೆ ಅಗೆಯುತ್ತಿದ್ದಾರೆ. ಹನ್ನೊಂದು ಅಡಿ ಆಗಿದೆ, ಇನ್ನೂ ಹನ್ನೆರಡು ಬಾಕಿ. ಅಲ್ಲಿ ಇಲ್ಲದಿದ್ದರೆ ಎಲ್ಲವೂ ವ್ಯರ್ಥ.

“ಜನರೇಟರ್ ನಿಲ್ಲಿಸಿದರೆ ಕೆಲಸ ಸುಲಭ” ಅಂದಳು ನೀಲಾಂಬಿಕೆ.

“ಆಗಲ್ಲ. ಒಳಗೆ ಬುಗ್ಗೆ ಒಡೆದಿದೆ. ಕುಸಿತದ ಈಚೆ ವಿದ್ಯುತ್ ಪಂಪಿದೆ, ಅದರ ಕೊಳವೆ ಮಣ್ಣಿನಡಿ ಹೇಗೋ ಉಳಿದುಕೊಂಡು ಒಳಗಿನ ನೀರು ಎಳೀತಾ ಇದೆ. ನಿನ್ನೆ ಹತ್ತು ನಿಮಿಷ ನಿಂತಿತ್ತು. ಮತ್ತೆ ನೀರು ಹಿಡಿಯೋಕೆ ಒಂದು ಗಂಟೆ ಆಯ್ತು. ಇನ್ನೊಂದು ಸಲ ನಿಂತರೆ ಹಿಡಿಯುತ್ತೆ ಅಂತ ನಾನು ಹೇಳಲಾರೆ. ಅವರು ಮುಳುಗಿಹೋಗ್ತಾರೆ.”

ಸುರಂಗದ ಬಾಯಲ್ಲಿ ಹೆಂಗಸೊಬ್ಬಳು ಮೊಣಕಾಲು ತಬ್ಬಿ ಕೂತಿದ್ದಳು. ಅವಳು ಚೆಲುವಮ್ಮ, ಮಾಯಿಗಯ್ಯನ ಹೆಂಡತಿ. ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದವಳು. ಅವಳು ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

ಗುಡ್ಡದ ಮೇಲೆ, ಬಲಗವಲಿನ ನೆತ್ತಿಯಲ್ಲಿ ಡಬ್ಬಿ ಕೂರಿಸಿದರು. ಜನರ ಹೆಜ್ಜೆ ಸದ್ದು ತಾಗದಂತೆ ದೂರದ ಒಂದು ಡೇರೆಯಲ್ಲಿ ಪೆಟ್ಟಿಗೆಯಿಟ್ಟು, ನಡುವೆ ಕೇಬಲ್ ಎಳೆದರು. ನೀಲಾಂಬಿಕೆ ಫೋನು ಹಾಕಿಕೊಂಡು ಗುಂಡಿ ತಿರುಗಿಸಿದಳು.

ಗುಂಯ್ ಎಂದು ಒಂದೇ ಸದ್ದು. ಕಿವಿಯೊಳಗೆ ಜೇನುಗೂಡು ಒಡೆದಂತೆ. ಆ ಸದ್ದಿನಡಿ ಬಡಿತವಲ್ಲ, ಸಿಡಿಮದ್ದು ಹಾರಿದರೂ ಹೂತುಹೋಗುತ್ತಿತ್ತು. ಪಂಪಿನ ಅದುರಾಟವಾಗಿದ್ದರೆ ಕಿವಿ ಅದನ್ನು ಬದಿಗೆ ಸರಿಸಿಕೊಳ್ಳುತ್ತಿತ್ತು. ಇದು ತಂತಿಗೇ ಹತ್ತಿದ ಸದ್ದು. ಜನವರಿಯ ಅದೇ ಸದ್ದು.

“ಅರ್ತ್ ಮಾಡಬೇಕು” ಎಂದಳು. ಸಲಾಕೆಗಳಿಲ್ಲ. ಬಂಡೆಯ ಮೇಲೆ ಒಂದು ಗೇಣು ಮಣ್ಣೂ ಇಲ್ಲ. ಪಂಪಿನ ನೀರು ಹರಿದು ನಿಂತ ಕೆಸರಿನಲ್ಲಿ ಹಾರೆಯೊಂದನ್ನು ನೆಟ್ಟು ಜಾಲರಿಯನ್ನು ಕಟ್ಟಿದರು.

ಗುಂಯ್ ಇಮ್ಮಡಿಯಾಯಿತು.

ಸಿದ್ದಮಲ್ಲಪ್ಪ ಜನರೇಟರಿನ ಸುತ್ತ ಒಂದು ಸುತ್ತು ಹಾಕಿ ಬಂದ. “ಯಂತ್ರದ ಅರ್ತೂ ಇದೇ ಕೆಸರಿಗೆ ಇಳಿದದೆ ಅಮ್ಮಣ್ಣಿ. ಅದು ಉಗುಳಿದ್ನ ನಾವು ಕುಡೀತಾ ಇದೀವಿ. ಬೇರೆ ನೆಲ ಬೇಕು. ದೂರ ಇರಬೇಕು, ಒದ್ದೆ ಇರಬೇಕು.”

ಎಲ್ಲರೂ ಸುತ್ತ ನೋಡಿದರು. ಬಂಡೆ, ಬೂದಿ, ಬಿರುಕು ಬಿಟ್ಟ ನೆಲ. ಆರು ತಿಂಗಳಿಂದ ಹನಿ ಬಿದ್ದಿರದ ಕಾಡು.

“ಹಡ್ಲು ಅದೆ” ಅಂದ ಜವರಯ್ಯ.

ಗುಡ್ಡದ ಹಿಂಬದಿ, ಏಳುನೂರು ಅಡಿ ದೂರದ ತಗ್ಗಿನಲ್ಲಿ, ಮರವಿಲ್ಲದ ಜೌಗು ಹುಲ್ಲುಗಾವಲು. ಎಂಥ ಬೇಸಿಗೆಯಲ್ಲೂ ಅದರ ನಡುಭಾಗ ಒಣಗುತ್ತಿರಲಿಲ್ಲ. ಮೂವರೂ ಹೋಗಿ ಬಿದಿರುಮೆಳೆಯ ಮರೆಯಿಂದ ಇಣುಕಿದರು. ಬೆಂಕಿಗೆ ಹೆದರಿ ಓಡಿಬಂದ ಆನೆಗಳು ಕೆಸರಿನ ನಡುವೆ ಒತ್ತೊತ್ತಾಗಿ ನಿಂತಿದ್ದವು. ಜವರಯ್ಯ ಬೆರಳು ಮಡಿಸಿ ಎಣಿಸಿದ. ಹದಿಮೂರು. ಎರಡು ಮರಿ. ಪಕ್ಕದಲ್ಲಿ ಬೇರೆಯಾಗಿ ಒಂದು ಕೊಂಬಿನಾನೆ.

“ತಮಟೆ ಹೊಡೆದು ಓಡಿಸೋದಕ್ಕೆ ಆಗಲ್ವಾ?” ನೀಲಾಂಬಿಕೆ ಪಿಸುಗುಟ್ಟಿದಳು.

“ಮರಿ ಅವೆ ಅಮ್ಮಾರೆ. ಸದ್ದು ಮಾಡಿದ್ರೆ ನಮ್ ಮ್ಯಾಲೇ ಬತ್ತವೆ. ಗಾಳಿ ಈಗ ನಮ್ ಕಡೀಕೆ ಬೀಸ್ತಾ ಅದೆ, ಅದಕ್ಕೆ ಸುಮ್ನವೆ. ನಾನು ಬಳಸ್ಕಂಡು ಆ ಕಡೆ ಹೋಗಿ ನಿಂತ್ಕತೀನಿ. ನನ್ ಬೆವರಿನ ವಾಸನೆ ಹತ್ತಿದ್ರೆ ಮೆಲ್ಲಗೆ ಜಾಗ ಬುಡ್ತವೆ. ಬುಡಬೇಕು.”

“ಬುಡದೆ ಹೋದ್ರೆ?” ಸಿದ್ದಮಲ್ಲಪ್ಪ ಕೇಳಿದ.

ಜವರಯ್ಯ ಆಗಲೇ ಕ್ಯಾಂಪಿನ ಕಡೆ ತಿರುಗಿದ್ದ.

ಕ್ಯಾಂಪಿಗೆ ಓಡಿ ಬಂದು ಬೇಕಾದ್ದನ್ನು ಕೂಡಿಸಿದರು. ತಂತಿಗೆ ತೊಂದರೆಯಾಗಲಿಲ್ಲ. ಬಂಡೆ ಸಿಡಿಸಲು ಇಟ್ಟಿದ್ದ ಮದ್ದಿನ ತಂತಿಯ ಸುರುಳಿ ಸಾವಿರ ಅಡಿಯಿತ್ತು, ಅದೂ ತಾಮ್ರದ್ದು. ನೆಲದಲ್ಲಿ ಹೂಳಲು ಅಗಲವಾದ ತಾಮ್ರ ಬೇಕಿತ್ತು. ಸಿದ್ದಮಲ್ಲಪ್ಪನ ಕಣ್ಣು ಅಡುಗೆ ಡೇರೆಯ ಹಂಡೆಯ ಮೇಲೆ ಬಿತ್ತು.

“ಇದು ಯಾರದವ್ವ?”

“ನಂದೇಯ. ತವರಿಂದ ತಂದದ್ದು” ಅಂದಳು ಚೆಲುವಮ್ಮ. ಅವಳೇ ನೀರು ಚೆಲ್ಲಿ ಹಂಡೆ ಎತ್ತಿಕೊಟ್ಟಳು. ಹಂಡೆಯ ಸುತ್ತ ತುಂಬಿ ಅರ್ತ್ ಗಟ್ಟಿಮಾಡಲು ಸಿದ್ದಮಲ್ಲಪ್ಪ ಕೇಳಿದ ಉಪ್ಪಿನ ಮೂಟೆಯನ್ನೂ ಇದ್ದಿಲನ್ನೂ ಕೊಟ್ಟಳು. ಆಮೇಲೆ ನೀಲಾಂಬಿಕೆಯ ಕಡೆ ತಿರುಗಿದಳು. “ಈ ಪೆಟ್ಟಿಗೆ ಸುಳ್ಳು ಹೇಳಾಕಿಲ್ವ ಅವ್ವ?”

ನೀಲಾಂಬಿಕೆ ತಂತಿಯ ಸುರುಳಿ ಎತ್ತಿಕೊಂಡಳು. “ಇವತ್ತು ಹೇಳೋದಕ್ಕೆ ಬಿಡಲ್ಲ” ಎಂದಳು.

ನಾಲ್ಕು ಗಂಟೆ. ಜವರಯ್ಯ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕಾಡಿನೊಳಗೆ ಮರೆಯಾದ. ಹಂಡೆ ಹೊತ್ತ ಸಿದ್ದಮಲ್ಲಪ್ಪ ತಂತಿ ಬಿಡುತ್ತಾ ಇಳಿದುಹೋದ. ನೀಲಾಂಬಿಕೆ ಕೆಸರಿನ ಹಾರೆಯ ಕಟ್ಟು ಬಿಚ್ಚಿ, ತಂತಿಯ ಮೇಲಿನ ತುದಿಯನ್ನು ಪೆಟ್ಟಿಗೆಯ ಬಳಿ ಜಾಲರಿಗೆ ಬಿಗಿದು ಫೋನು ಹಾಕಿಕೊಂಡಳು. ಅಗೆಯುವವರಿಗೆ ಗುದ್ದಲಿ ಕೆಳಗಿಟ್ಟು ಅಲುಗಾಡದೆ ನಿಲ್ಲಲು ರುದ್ರಸ್ವಾಮಿ ಹೇಳಿದ. ನಲವತ್ತು ಜನ ಇದ್ದಲ್ಲೇ ನಿಂತರು.

ಗುಂಯ್‌ಗುಡುವಿಕೆ ನಿಲ್ಲಲಿಲ್ಲ. ಹತ್ತು ನಿಮಿಷ. ಇಪ್ಪತ್ತು ನಿಮಿಷ.

ಕೆಳಗೆ ಹಡ್ಲಿನ ಆಚೆ ಅಂಚಿನಲ್ಲಿ ಜವರಯ್ಯ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದ. ಮುದಿ ಹೆಣ್ಣಾನೆ ಸೊಂಡಿಲೆತ್ತಿತು. ಕಿವಿ ಅಗಲಿಸಿತು. ನಾಲ್ಕು ಹೆಜ್ಜೆ ಅವನತ್ತ ನುಗ್ಗಿ ಬಂದು ನಿಂತು, ಕಾಲಿಂದ ಕೆಸರು ಚಿಮ್ಮಿಸಿತು. ಜವರಯ್ಯ ಕದಲಲಿಲ್ಲ. ಆನೆ ಹೊಟ್ಟೆಯೊಳಗೇ ಗುಡುಗುಟ್ಟಿ ತಿರುಗಿತು. ಮರಿಗಳನ್ನು ನಡುವೆ ಹಾಕಿಕೊಂಡು ಹಿಂಡು ಒಂದೊಂದಾಗಿ ಬಿದಿರಿನೊಳಕ್ಕೆ ಸರಿಯಿತು.

ಕೊಂಬಿನಾನೆ ಹೋಗಲಿಲ್ಲ.

ಸಿದ್ದಮಲ್ಲಪ್ಪ ಅದನ್ನು ನೋಡಿದ. ಕಾಯಬೇಕೋ ಬೇಡವೋ ಎಂದು ಒಂದು ಗಳಿಗೆ ಕೂತ. ಆಮೇಲೆ ಹೊಟ್ಟೆಯ ಮೇಲೆ ತೆವಳುತ್ತಾ ಹುಲ್ಲಿಗಿಳಿದ. ಕೆಸರು ತಣ್ಣಗಿತ್ತು. ಸುಟ್ಟ ಕೈಗಳಿಗೆ ಅದೇ ಹಿತವೆನಿಸಿತು. ಆನೆ ಈಗಾಗಲೇ ತುಳಿದು ಮಾಡಿದ ಗುಂಡಿಯನ್ನೇ ಇನ್ನಷ್ಟು ತೋಡಿ, ಹಂಡೆಯನ್ನು ಬೋರಲು ಹಾಕಿ, ಸುತ್ತ ಇದ್ದಿಲೂ ಉಪ್ಪೂ ತುಂಬಿದ. ಹಂಡೆಯ ಬಳೆಗೆ ತಂತಿ ಸುತ್ತಬೇಕು. ಬೆರಳು ಮಡಿಸಲು ಆಗುತ್ತಿರಲಿಲ್ಲ. ಅಂಗೈಯ ಬಟ್ಟೆಯನ್ನು ಹಲ್ಲಿನಿಂದ ಕಿತ್ತೆಸೆದು ಇಕ್ಕಳ ಹಿಡಿದ.

ಮೇಲೆ, ಫೋನಿನೊಳಗೆ ಗುಂಯ್ ಒಂದು ಕ್ಷಣ ತಗ್ಗಿತು. ಮತ್ತೆ ಏರಿತು. ಮತ್ತೆ ತಗ್ಗಿತು. ತಂತಿ ಹಂಡೆಗೆ ತಾಗುತ್ತಿದೆ, ಬಿಡುತ್ತಿದೆ. ನೀಲಾಂಬಿಕೆ ಗುಂಡಿಯಿಂದ ಕೈ ತೆಗೆದು ಕಾದಳು. ಸದ್ದು ಅರ್ಧಕ್ಕೆ ಇಳಿದು ಅಲ್ಲೇ ನಿಂತಿತು.

ಅದೇ ಹೊತ್ತಿಗೆ ಕೆಳಗಿನಿಂದ ಆನೆಯ ಘೀಳು ಕೇಳಿಸಿತು.

ಅವಳು ಎದ್ದು ನಿಂತಳು. ಕಾಲು ತಾನಾಗಿಯೇ ಹಡ್ಲಿನ ಕಡೆ ತಿರುಗಿತ್ತು. ಓಡಿಹೋಗಿ ಮಾಡುವುದಾದರೂ ಏನು? ಆತ ಜೀವ ಒತ್ತೆಯಿಟ್ಟು ಕಟ್ಟಿದ ತಂತಿ ಅವಳ ಕೈಯಲ್ಲೇ ಇತ್ತು. ಸದ್ದು ಇನ್ನೂ ಅರ್ಧ ಉಳಿದಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಅವಳು ಯೋಚಿಸಿದಳು. ಕೇಬಲ್ಲಿನ ಈ ತುದಿ ನೆಲಕ್ಕಿಳಿದಿದೆ. ಹಾಗಾದರೆ ಉಳಿದದ್ದು ಎಲ್ಲಿಂದ?

ಆ ತುದಿಯಿಂದ.

ಅವಳು ಗುಡ್ಡದ ಮೇಲಕ್ಕೆ, ಡಬ್ಬಿಯಿದ್ದಲ್ಲಿಗೆ ಓಡಿದಳು. ಕೇಬಲ್ಲಿನ ಜಾಲರಿ ಅಲ್ಲಿ ಡಬ್ಬಿಯ ಕಬ್ಬಿಣದ ಮೊಳೆಗೆ ತಾಗಿಕೊಂಡಿತ್ತು. ಮೊಳೆ ಬಂಡೆಯ ಬಿರುಕಿನೊಳಗಿತ್ತು. ಎರಡು ಕಡೆ ನೆಲಕ್ಕಿಳಿದ ತಂತಿ ಬಳೆಯಂತೆ ಸುತ್ತಿಕೊಂಡು ಯಂತ್ರದ ಸದ್ದನ್ನು ಒಳಗೇ ಓಡಾಡಿಸುತ್ತಿತ್ತು. ಅರ್ತ್ ಇರಬೇಕಾದದ್ದು ಒಂದೇ ಕಡೆ. ಅವಳು ಚಾಕುವಿನಿಂದ ಜಾಲರಿಯ ಎಳೆಗಳನ್ನು ಹಿಂದಕ್ಕೆ ಕತ್ತರಿಸಿ, ಅಲ್ಲಿದ್ದ ಮಣ್ಣಿನ ಬುಟ್ಟಿಯೊಂದಕ್ಕೆ ಕಟ್ಟಿದ್ದ ಸೈಕಲ್ ಟ್ಯೂಬಿನ ತುಂಡನ್ನು ಬಿಚ್ಚಿ ಸುತ್ತಿ ಬಿಗಿದಳು. ತಿರುಗಿ ಡೇರೆಗೆ ಬಂದು ಫೋನು ಹಾಕಿಕೊಂಡಳು.

ನಿಶ್ಶಬ್ದ.

ಆಳದಲ್ಲೆಲ್ಲೋ ಪಂಪಿನ ಮಂದ ಗುದ್ದು. ಯಾರದೋ ಕೆಮ್ಮು. ಬಂಡೆಯ ಮೇಲೆ ಓತಿಕ್ಯಾತ ಓಡಿದ ಪರಪರ. ಅಷ್ಟೆ. ಎಷ್ಟು ಹೊತ್ತು ಕೇಳಿದರೂ ಬಲಗವಲಿನಿಂದ ಬಡಿತ ಬರಲಿಲ್ಲ.

ಡಬ್ಬಿಯನ್ನು ಎಡಗವಲಿನ ನೆತ್ತಿಗೆ ಒಯ್ದು ಕೂರಿಸಲು ರುದ್ರಸ್ವಾಮಿಗೆ ಕೈಸನ್ನೆ ಮಾಡಿದಳು. ಮತ್ತೆ ಕೇಳಿದಳು. ಏನೂ ಇಲ್ಲ. ಐದು ನಿಮಿಷ. ಏನೂ ಇಲ್ಲ. ಬಿಸಿಲು ಕೆಂಪಾಗತೊಡಗಿತ್ತು. ನಲವತ್ತು ಜನರ ಕಣ್ಣು ತನ್ನ ಮೇಲಿದೆಯೆಂದು ಗೊತ್ತಿದ್ದೂ ಅವಳು ತಲೆಯೆತ್ತಲಿಲ್ಲ.

ಟಕ್.

ಅವಳು ಎರಡೂ ಕೈಯಿಂದ ಫೋನನ್ನು ಕಿವಿಗೆ ಒತ್ತಿದಳು.

ಟಕ್. ಟಕ್.

ಬಹಳ ಹೊತ್ತು ಬಿಟ್ಟು, ದಣಿದ ಕೈಯಿಂದ ಮತ್ತೆ ಮೂರು.

“ಎಡಗಡೆ” ಎಂದಳು. ಎದ್ದು ನಿಂತಳು. ಮತ್ತೆ ಹೇಳಿದಳು. “ಎಡಗಡೆ ಇದಾರೆ. ಜೀವ ಇದೆ.”

ಜನ ಗುದ್ದಲಿಗೆ ಕೈ ಹಾಕಿದರು. ರುದ್ರಸ್ವಾಮಿ ಅವರನ್ನು ತಡೆದ.

“ನೀಲಾಂಬಿಕೆಯವರೇ, ಹನ್ನೊಂದು ಅಡಿ ಅಗೆದದ್ದನ್ನು ಬಿಟ್ಟು ಹೊಸದಾಗಿ ಶುರು ಮಾಡಬೇಕು. ತಪ್ಪಾದರೆ ಮೂರು ಹೆಣ ತೆಗೀತೀವಿ. ಈ ಗುಡ್ಡ ಗಟ್ಟಿ ಅಂತ ಜನವರಿಯಲ್ಲಿ ಹೇಳಿದ್ದೂ ಇದೇ ಪೆಟ್ಟಿಗೆ ಅಲ್ವಾ?”

“ಹೌದು” ಎಂದಳು. “ಅವತ್ತು ಕೇಬಲ್ಲಿಗೆ ಅರ್ತ್ ಇರಲಿಲ್ಲ. ಬರೀ ಗುಂಯ್ ಅನ್ನೋ ಸದ್ದನ್ನೇ ಅಳೆದಿದ್ವಿ. ಅದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಅದನ್ನು ಯಾರ ಮುಂದೆ ಬೇಕಾದರೂ ಬರೆದುಕೊಡ್ತೀನಿ. ಇವತ್ತು ಅರ್ತ್ ಇದೆ. ನೀವೇ ಕೇಳಿ.”

ಆಕೆ ಫೋನನ್ನು ಆತನ ತಲೆಗೆ ಹಾಕಿದಳು. ಆತ ಕಣ್ಣು ಮುಚ್ಚಿ ಕೂತ. ಒಂದು ನಿಮಿಷದ ಮೇಲೆ ಒಂದೊಂದೇ ಬೆರಳೆತ್ತಿ ಮೂರು ಎಣಿಸಿದ. ಫೋನು ತೆಗೆದು ಚೆಲುವಮ್ಮನ ಕೈಗೆ ಕೊಟ್ಟು, ಎಡನೆತ್ತಿಯ ಕಡೆ ಓಡಿದ.

ಚೆಲುವಮ್ಮ ಕೇಳಿದಳು. ಅಳಲಿಲ್ಲ. ಫೋನನ್ನು ಮೆಲ್ಲಗೆ ಕೆಳಗಿಟ್ಟು, ಒಂದು ಬುಟ್ಟಿ ಎತ್ತಿಕೊಂಡು ಮಣ್ಣು ಹೊರಲು ಹೋದಳು.

ನೀಲಾಂಬಿಕೆ ಆಗ ಹಡ್ಲಿನತ್ತ ಓಡಿದಳು. ಅರ್ಧದಾರಿಯಲ್ಲೇ ಅವರು ಎದುರಾದರು. ಕೆಸರಿನ ಮುದ್ದೆಯಂತಿದ್ದ ಸಿದ್ದಮಲ್ಲಪ್ಪ ಜವರಯ್ಯನ ಹೆಗಲಿಗೆ ಆತುಕೊಂಡು ಒಂದು ಕಾಲು ಎಳೆಯುತ್ತಾ ಬರುತ್ತಿದ್ದ. ಕೊಂಬಿನಾನೆ ಮೂವತ್ತು ಮಾರು ಹತ್ತಿರಕ್ಕೆ ಬಂದಾಗ ಆತ ಕೆಸರಿನಲ್ಲಿ ಮುಖ ಹುದುಗಿಸಿ ಮಲಗಿಬಿಟ್ಟಿದ್ದ. ಆನೆ ಪಕ್ಕದಲ್ಲೇ ಹಾದು ಹೋಗಿತ್ತು. ಅದು ದೂರವಾದ ಮೇಲೆ ಎದ್ದು ಓಡುವಾಗ ಕಾಲು ಉಳುಕಿತ್ತು.

“ಕೇಳಿಸ್ತಾ ಅಮ್ಮಣ್ಣಿ?” ಅದು ಅವನ ಮೊದಲ ಮಾತು.

“ಕೇಳಿಸ್ತು.”

ಆತ ದಾರಿಯ ಬದಿಯಲ್ಲೇ ಕುಸಿದು ಕೂತ.

ರಾತ್ರಿಯೆಲ್ಲ ಪಾಳಿ ಹಾಕಿಕೊಂಡು ಅಗೆದರು. ಗಂಟೆಗೊಮ್ಮೆ ಎಲ್ಲರೂ ನಿಂತು, ನೀಲಾಂಬಿಕೆ ಕೇಳಿ, ಬಡಿತವಿದೆಯೆಂದು ತಲೆಯಾಡಿಸಿದ ಮೇಲೆ ಮತ್ತೆ ಗುದ್ದಲಿ ಎತ್ತುತ್ತಿದ್ದರು. ಎಡಗಡೆಯ ಕಲ್ಲು ನಿಜಕ್ಕೂ ಕೊಳೆತಿತ್ತು, ಪುಡಿಯಾಗಿ ಬರುತ್ತಿತ್ತು. ಸುರಂಗ ಕುಸಿದದ್ದಕ್ಕೆ ಕಾರಣವಾದದ್ದೇ ಈಗ ಅಗೆತವನ್ನು ಸುಲಭ ಮಾಡಿತು. ಬೆಳಗಿನ ಜಾವಕ್ಕೆ ಬಡಿತ ನಿಂತುಹೋಯಿತು. ಅವಳು ರುದ್ರಸ್ವಾಮಿಗೆ ಮಾತ್ರ ಹೇಳಿದಳು. ಆತ ಯಾರಿಗೂ ಹೇಳದೆ ತಾನೇ ಹಾರೆ ಹಿಡಿದು ಗುಂಡಿಗಿಳಿದ.

ಎಂಟೂವರೆಗೆ ಹಾರೆ ಪೊಳ್ಳಿಗೆ ಬಿತ್ತು. ಕೆಟ್ಟ ಗಾಳಿ ಭುಸ್ ಎಂದು ಹೊರಬಂತು. ಹಗ್ಗ ಕಟ್ಟಿಕೊಂಡು ಜವರಯ್ಯ ಇಳಿದ.

ಮೊದಲು ಮೇಲೆ ಬಂದವನು ಸಣ್ಣಪ್ಪ. ಎದೆಮಟ್ಟದ ನೀರಿನಲ್ಲಿ ನಿಂತು ನಿಂತು ಅವನ ಮೈ ಬೆಳ್ಳಗೆ ಊದಿತ್ತು. ಎರಡನೆಯವನು ಮಾಯಿಗಯ್ಯ. ಮುಷ್ಟಿಯೊಳಗಿನ ಕಲ್ಲನ್ನು ಬಿಡಿಸಲು ಚೆಲುವಮ್ಮ ಒಂದೊಂದೇ ಬೆರಳು ಬಿಚ್ಚಬೇಕಾಯಿತು. ಮೇಸ್ತ್ರಿ ಚನ್ನಬಸವಣ್ಣ ಮೊದಲ ದಿನವೇ ಕಲ್ಲಿನಡಿ ಸಿಕ್ಕಿ ಸತ್ತಿದ್ದ. ಕುಸಿಯುವಾಗ ಇಬ್ಬರನ್ನೂ ಎಡಗವಲಿಗೆ ತಳ್ಳಿದವನು ಅವನೇ ಎಂದು ಸಣ್ಣಪ್ಪ ಹೇಳಿದ.

ಬದುಕಿದವರನ್ನು ಚಟ್ಟದಂಥ ಡೋಲಿಗಳಲ್ಲಿ ಮಲಗಿಸಿ, ಮೇಸ್ತ್ರಿಯ ದೇಹವನ್ನು ಕಂಬಳಿಯಲ್ಲಿ ಸುತ್ತಿ ಅದೇ ಹಳ್ಳದ ಮರಳಿನಲ್ಲಿ ಹೊತ್ತು ತಂದರು. ಬೆಂಕಿ ಆರಿತ್ತು. ಕರಿ ಕೊರಡುಗಳ ನಡುವೆ ಹೊಗೆಯ ಎಳೆಗಳು ಏಳುತ್ತಿದ್ದವು. ಲಾರಿ ಸುಟ್ಟ ಸೇತುವೆಯ ಬಳಿ ಕಾದಿತ್ತು. ಇಬ್ಬರನ್ನು ಹುಣಸೂರಿನ ಆಸ್ಪತ್ರೆಗೆ ಇಳಿಸಿದ ಮೇಲೆ ಅದು ದೇಹದೊಂದಿಗೆ ಮೇಸ್ತ್ರಿಯ ಊರಾದ ಭೇರ್ಯಕ್ಕೆ ಹೊರಟಿತು. ನೀಲಾಂಬಿಕೆ ಇಳಿಯಲಿಲ್ಲ. ಕೈಗೆ ಪಟ್ಟಿ ಕಟ್ಟಿಸಿಕೊಂಡ ಸಿದ್ದಮಲ್ಲಪ್ಪನೂ ಬಂದು ಪಕ್ಕದಲ್ಲಿ ಕೂತ. ಮಣ್ಣು ಮಾಡುವವರೆಗೂ ಅಲ್ಲಿದ್ದರು. ಮೇಸ್ತ್ರಿಯ ತಾಯಿಗೆ ಜನವರಿಯ ಮಾತನ್ನು ಅವಳೇ ಹೇಳಿದಳು. ಆ ಮುದುಕಿ ಕೇಳಿಸಿಕೊಂಡು, ಎದ್ದು ಒಳಗೆ ಹೋದಳು.

ಮಾರನೆಯ ದಿನವೇ ನೀಲಾಂಬಿಕೆ ಜನವರಿಯ ಲೆಕ್ಕ ನಂಬುವಂಥದ್ದಲ್ಲವೆಂದು ಸಾಹೇಬರಿಗೂ ಮೇಲಿನ ಕಚೇರಿಗೂ ಬರೆದಳು. ಸೋಮವಾರದಿಂದ ಅದೇ ಗುಡ್ಡದಲ್ಲಿ ಎರಡನೆಯ ಸುರಂಗ ಶುರುವಾಗಬೇಕಿತ್ತು, ಹನ್ನೆರಡು ಆಳುಗಳನ್ನೂ ಗೊತ್ತು ಮಾಡಿದ್ದರು. ರುದ್ರಸ್ವಾಮಿ ಅವಳ ಪತ್ರವನ್ನು ಮುಂದಿಟ್ಟುಕೊಂಡು ಆ ಕೆಲಸ ನಿಲ್ಲಿಸಿದ.

ವಾರದ ಮೇಲೆ ಬಾಗಿಲಲ್ಲಿ ಜವರಯ್ಯ ನಿಂತಿದ್ದ. ಈ ಸಲ ಕೂತಿರಲಿಲ್ಲ.

“ಓವರ್‌ಸಿಯರ್ ಹೇಳಿ ಕಳಿಸವ್ರೆ. ಗುಡ್ಡ ಪೂರ್ತಿ ಹೊಸದಾಗಿ ಅಳೀಬೇಕಂತೆ. ಯಾವತ್ತು ಬತ್ತೀರಿ?”

ನೀಲಾಂಬಿಕೆ ಒಳಗೆ ಹೋಗಿ ಪ್ರತಿ ವಾಲ್ವನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಎಲ್ಲವೂ ನೆಟ್ಟಗಿದ್ದವು.

“ಸಿದ್ದಮಲ್ಲಪ್ಪನವರ ಕೈ ವಾಸಿಯಾಗಲಿ” ಎಂದಳು. “ಅವರಿಲ್ಲದೆ ನಾನು ಅಳೆಯಲ್ಲ.”